ಕಂಬದ ಬಳಿ ನಿಂತಾಗ ಕುರಿಯನ್ನು ನೋಡಿ

"ಮೊದಲನೇ ಟ್ರಯಲ್‌ಗೆ ಇಳಿಯೋ ಮುಂಚೆ ಹೆದರಿಕೆ ಆಗ್ಲಿಲ್ವಾ? ಹೇಗೆ ತಡ್ಕೊಂಡ್ರಿ?"

ಟ್ರಯಲ್ ಅಂದರೆ ನಾಯಿಯಿಂದ ಕುರಿ ಹೊಡೆಸುವ ಸ್ಪರ್ಧೆ. ಹೀಗೆ ಕೇಳುವವರು ನನಗೆ ಎರಡೂ ಕಡೆ ಇದ್ದಾರೆ. ಇಲ್ಲಿ ಉತ್ತರ ವೇಲ್ಸ್‌ನಲ್ಲಿ, ಎಳೆಯ ನಾಯಿಯನ್ನು ಕುರಿ ಕೆಲಸಕ್ಕೆ ಪಳಗಿಸುತ್ತಾ ಸ್ಪರ್ಧೆಗೆ ಹೆಸರು ಕೊಡಲೋ ಬೇಡವೋ ಎಂದು ತಿಂಗಳುಗಟ್ಟಲೆ ತೂಗುವವರು. ಅಲ್ಲಿ ಚಳ್ಳಕೆರೆಯಲ್ಲಿ, ನಾನು ಕಳಿಸಿದ ವಿಡಿಯೊ ನೋಡಿ ಫೋನ್ ಮಾಡುವ ಚಿಕ್ಕಪ್ಪಂದಿರು ಮತ್ತು ಅವರ ಮಕ್ಕಳು. ಇಬ್ಬರಿಗೂ ನನ್ನ ಉತ್ತರ ಒಂದೇ. ಹೆದರಿಕೆ ಆಯಿತು, ತುಂಬಾ ಆಯಿತು, ಕೊನೆಯವರೆಗೂ ಹೋಗಲಿಲ್ಲ. ಆದರೆ ಅದು ನಾಯಿಗೆ ದಾಟದಂತೆ ನೋಡಿಕೊಳ್ಳಬಹುದು.

ಈ ಸ್ಪರ್ಧೆ ನೋಡದವರಿಗಾಗಿ ಸ್ವಲ್ಪ ಹೇಳುತ್ತೇನೆ. ಹೊಲದ ಈ ತುದಿಯಲ್ಲಿ ಒಂದು ಕಂಬ. ಅದರ ಪಕ್ಕ ನೀವು, ನಿಮ್ಮ ಕಾಲ ಬಳಿ ನಾಯಿ. ಆ ತುದಿಯಲ್ಲಿ ನಾಲ್ಕೈದು ಕುರಿ. ದೊಡ್ಡ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಈ ದೂರ ಸುಮಾರು 400 ಗಜ. ನಾಯಿ ಅಗಲವಾಗಿ ಬಳಸಿಕೊಂಡು ಓಡಿ ಕುರಿಗಳ ಬೆನ್ನ ಹಿಂದೆ ಸೇರಬೇಕು. ಇದಕ್ಕೆ ಔಟ್‌ರನ್ ಎನ್ನುತ್ತಾರೆ, 20 ಅಂಕ. ಗಾಬರಿಪಡಿಸದೆ ಕುರಿಗಳನ್ನು ಕದಲಿಸುವುದು ಲಿಫ್ಟ್, 10. ನೇರ ಗೆರೆಯಲ್ಲಿ ನಿಮ್ಮ ಬಳಿ ತರುವುದಕ್ಕೆ 20. ಆಮೇಲೆ ಅದೇ ಕುರಿಗಳನ್ನು ನಿಮ್ಮಿಂದ ದೂರಕ್ಕೆ, ಏಳು ಗಜ ಅಗಲದ ಗೇಟುಗಳ ನಡುವೆ ತೂರಿಸಿ, ತ್ರಿಕೋನದ ದಾರಿಯಲ್ಲಿ ಹೊಡೆದುಕೊಂಡು ಹೋಗಬೇಕು, ಅದಕ್ಕೆ 30. ಹಿಂಡನ್ನು ಒಡೆದು ಬೇರ್ಪಡಿಸುವುದಕ್ಕೆ 10, ಕೊನೆಗೆ ಸಣ್ಣದೊಂದು ರೊಪ್ಪಕ್ಕೆ ಕೂಡುವುದಕ್ಕೆ 10. ತೀರ್ಪುಗಾರರು ಪೂರ್ತಿ ಅಂಕದಿಂದ ಶುರುಮಾಡಿ, ತಪ್ಪು ಕಂಡಾಗಲೆಲ್ಲ ಕಳೆಯುತ್ತಾ ಬರುತ್ತಾರೆ.

ಹೀಗೆ ಕಳೆಯುವ ಲೆಕ್ಕವೇ ಹೊಸಬರನ್ನು ಹೆದರಿಸುವುದು. ಬೆನ್ನ ಹಿಂದೆ ಸಾಲಾಗಿ ನಿಂತ ಕಾರುಗಳು, ಅವುಗಳೊಳಗೆ ತಲೆಮಾರುಗಳಿಂದ ಇದನ್ನೇ ಮಾಡಿಕೊಂಡು ಬಂದ ಮನೆತನದವರು. ನನಗಂತೂ ಇನ್ನೊಂದು ಭಾರವಿತ್ತು. ಆ ಹೊಲದಲ್ಲಿ ನನ್ನ ಬಣ್ಣದವರು ಬೇರೆ ಯಾರೂ ಇರಲಿಲ್ಲ. ಆಗ ನನಗೆ ಆಸರೆಯಾದದ್ದು ಒಂದು ಹಳೆಯ ಸಂಗತಿ. ಬ್ರಿಟನ್ನಿನಲ್ಲಿ ದಾಖಲಾದ ಮೊದಲ ಸ್ಪರ್ಧೆ 1873ರ ಅಕ್ಟೋಬರ್ 9ರಂದು ಇಲ್ಲಿಯೇ, ಬಾಲಾ ಊರಿನಲ್ಲಿ ನಡೆಯಿತು. ಏರ್ಪಡಿಸಿದವರು ರಿವ್ಲಾಸ್ ಎಸ್ಟೇಟಿನ ಜಮೀನುದಾರ ರಿಚರ್ಡ್ ಜಾನ್ ಲಾಯ್ಡ್ ಪ್ರೈಸ್. ಹತ್ತು ನಾಯಿಗಳು ಇಳಿದಿದ್ದವು. ಗೆದ್ದದ್ದು ವೇಲ್ಸ್‌ನವರ ನಾಯಿಯಲ್ಲ, ಸ್ಕಾಟ್‌ಲೆಂಡಿನಿಂದ ಬಂದು ಇಲ್ಲಿ ನೆಲೆಸಿದ್ದ ಥಾಮ್ಸನ್ ಎಂಬವರ ಟ್ವೀಡ್. ಹೊರಗಿನಿಂದ ಬಂದವರಿಗೂ ಈ ಹೊಲದಲ್ಲಿ ಮೊದಲ ದಿನದಿಂದಲೇ ಜಾಗ ಇತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಬೇಕಾದ ಧೈರ್ಯ ಕೆಲವೊಮ್ಮೆ ಇಂಥ ಕಡೆಯಿಂದಲೂ ಸಿಗುತ್ತದೆ.

ಇನ್ನು ಮೈಗೆ ಆಗುವುದರ ವಿಷಯ. ಹೆದರಿಕೆ ಮೊದಲು ಹಿಡಿಯುವುದು ಬಾಯನ್ನು. ಇಲ್ಲಿನ ಕುರಿಗಾಹಿಗಳ ಸೀಟಿ ಅಂದರೆ ಮಡಚಿದ ಸಣ್ಣ ತಗಡು, ನಡುವೆ ತೂತು. ತುಟಿಗಳ ನಡುವೆ ಇಟ್ಟುಕೊಂಡು, ನಾಲಿಗೆಯಿಂದ ಗಾಳಿಯನ್ನು ತಿದ್ದಿ ಊದಬೇಕು. ಬಾಯಿ ಒಣಗಿದರೆ ನಾದ ಒಡೆಯುತ್ತದೆ, ಇಲ್ಲವೇ ಬರೀ ಗಾಳಿ ಬರುತ್ತದೆ. ಉಸಿರು ಗಿಡ್ಡವಾದರೆ ಇನ್ನೂ ಕಷ್ಟ. ನನ್ನ ನಾಯಿ ನೆಲ್‌ಗೆ "ನಿಲ್ಲು" ಎಂಬುದಕ್ಕೆ ಒಂದೇ ಉದ್ದನೆಯ ಸಿಳ್ಳೆ. ಅದು ಅರ್ಧಕ್ಕೆ ತುಂಡಾದರೆ ಅವಳ ಕಿವಿಗೆ ಅದು ಬೇರೆಯೇ ಮಾತು. ನಾಯಿ ಮಾತು ಕೇಳಲಿಲ್ಲ ಎಂದು ನಾವು ಸಿಟ್ಟಾಗುವ ಎಷ್ಟೋ ಸಲ, ನಾವು ಹೇಳಿದ್ದೇ ಆ ಮಾತಾಗಿರುವುದಿಲ್ಲ.

ಅದಕ್ಕೆ ನಾನು ಮಾಡಿದ್ದು ಇಷ್ಟು. ಸ್ಪರ್ಧೆಗೆ ಆರು ವಾರ ಇರುವಾಗಿನಿಂದ ದಿನಾ ಸಂಜೆ ಮನೆ ಹಿಂದಿನ ದಿಬ್ಬವನ್ನು ಓಡಿ ಹತ್ತಿ, ಏದುಸಿರು ಬಿಡುತ್ತಲೇ ಸೀಟಿ ಊದಿದೆ. ನೆಲ್‌ಳನ್ನು ಮನೆಯಲ್ಲಿ ಬಿಟ್ಟು, ನಾನೊಬ್ಬಳೇ. ಎದೆ ಹೊಡೆದುಕೊಳ್ಳುವಾಗಲೂ ಸಿಳ್ಳೆ ಸರಿಯಾಗಿ ಬರಬೇಕಲ್ಲ. ಮೊದಲ ವಾರ ಒಂದೂ ಸರಿಯಾಗಿ ಬರಲಿಲ್ಲ, ಕೊನೆಯ ವಾರದ ಹೊತ್ತಿಗೆ ಬಂತು. ಹೆದರಿಕೆ ಬರದಿರಲಿ ಎಂದು ಕಾಯುವುದಕ್ಕಿಂತ, ಬಂದಾಗ ಮೈ ಏನು ಮಾಡುತ್ತದೋ ಅದರೊಳಗೇ ಕೆಲಸ ಕಲಿಯುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಂಬದ ಕಡೆ ನಡೆಯುವ ಮುಂಚೆ ಒಂದು ಗುಟುಕು ನೀರು ಕುಡಿಯಿರಿ. ಕೊರಳಿಗೆ ಎರಡು ಸೀಟಿ ಹಾಕಿಕೊಳ್ಳಿ, ಒಂದು ಬಿದ್ದರೆ ಇನ್ನೊಂದು ಇರುತ್ತದೆ.

ನಾಯಿಗೆ ನಮ್ಮ ಆತಂಕ ಗೊತ್ತಾಗುತ್ತದೆಯೇ ಎಂದೂ ಕೇಳುತ್ತಾರೆ. ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 58 ನಾಯಿಗಳು, ಎಲ್ಲವೂ ಬಾರ್ಡರ್ ಕೋಲಿ ಇಲ್ಲವೇ ಶೆಟ್ಲೆಂಡ್ ಶೀಪ್‌ಡಾಗ್. ನಾಯಿಯ ಕೂದಲಿನಲ್ಲೂ ಒಡತಿಯ ಕೂದಲಿನಲ್ಲೂ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದರು. ಒಬ್ಬರದು ಹೆಚ್ಚಿದ್ದಲ್ಲಿ ಇನ್ನೊಬ್ಬರದೂ ಹೆಚ್ಚಿತ್ತು. ಅದು ತಿಂಗಳುಗಟ್ಟಲೆಯ ಒತ್ತಡದ ಲೆಕ್ಕ, ಒಂದು ಬೆಳಗಿನ ನಡುಕದ್ದಲ್ಲ, ನಿಜ. ಆದರೂ ಅದನ್ನು ಓದಿದ ಮೇಲೆ ನಾನು ಒಂದನ್ನು ಬದಲಾಯಿಸಿಕೊಂಡೆ. ಸ್ಪರ್ಧೆಯ ಹಿಂದಿನ ವಾರ ನೆಲ್‌ಗೆ ಹೊಸ ಪಾಠ ಹೇಳುವುದನ್ನು ನಿಲ್ಲಿಸಿದೆ. ಕೊನೇ ಗಳಿಗೆಯಲ್ಲಿ ಇನ್ನೊಂದಿಷ್ಟು ತಿದ್ದೋಣ ಎಂದು ದಿನಾ ಉಜ್ಜುವುದರಿಂದ ನಾಯಿಯ ಕೆಲಸ ಸುಧಾರಿಸುವುದಿಲ್ಲ. ನಮ್ಮ ಚಡಪಡಿಕೆ ಅದಕ್ಕೆ ಅಂಟುತ್ತದೆ, ಅಷ್ಟೆ.

ಈಗ ಮುಖ್ಯವಾದದ್ದು.

ನನ್ನ ತಾತನಿಗೆ ಚಳ್ಳಕೆರೆ ಹತ್ತಿರ ನೂರರ ಮೇಲೆ ಕುರಿಗಳಿದ್ದವು. ಅವರ ನಾಯಿಗಳು ಕುರಿ ಅಟ್ಟುತ್ತಿರಲಿಲ್ಲ. ರಾತ್ರಿ ರೊಪ್ಪದ ಸುತ್ತ ಮಲಗಿ ತೋಳ ಕಾಯುವುದು ಅವುಗಳ ಕೆಲಸ. ಮಂದೆಯನ್ನು ತಿರುಗಿಸುತ್ತಿದ್ದದ್ದು ತಾತನೇ, ಬಾಯಲ್ಲಿ ಮಾಡುವ ಸದ್ದಿನಿಂದ, ತಾವು ನಿಲ್ಲುವ ಜಾಗದಿಂದ. ನಾನು ಚಿಕ್ಕವಳಿದ್ದಾಗ ಅವರ ಜೊತೆ ಕಾವಲಿಗೆ ಹೋಗಿ, ಕೋಲು ಬೀಸುತ್ತಾ ಕೂಗಾಡುತ್ತಿದ್ದೆ. "ನೀನು ಸುಮ್ನಿರವ್ವಾ, ಮೊದ್ಲು ಕುರಿ ಮುಖ ನೋಡು, ಅದು ಎಲ್ಲಿಗೆ ಹೋಗ್ಬೇಕು ಅಂತೈತೋ ಅದೇ ಹೇಳ್ತೈತೆ" ಎನ್ನುತ್ತಿದ್ದರು. ಮೇಯುವ ಕುರಿ ತಲೆ ಎತ್ತಿದರೆ ಏನೋ ಕಂಡಿದೆ. ಕಿವಿ ಒಂದೇ ಕಡೆ ತಿರುಗಿದ್ದರೆ ಮುಂದೆ ಕಾಲೂ ಆ ಕಡೆಗೇ.

ಮೂವತ್ತು ವರ್ಷದ ಮೇಲೆ, ಇಲ್ಲಿ ನನಗೆ ಕುರಿ ಕೆಲಸ ಕಲಿಸಿದ ಪಕ್ಕದ ತೋಟದ ರೈತರು ಹೇಳಿದ್ದೂ ಅದನ್ನೇ. ಸ್ಪರ್ಧೆಯ ದಿನ ಬೆಳಿಗ್ಗೆ ನನ್ನನ್ನು ಬೇಲಿ ಪಕ್ಕ ನಿಲ್ಲಿಸಿ, ಮುಂಚಿನ ಹತ್ತು ಜನರ ಓಟವನ್ನು ನೋಡು, ಆದರೆ ನಾಯಿಗಳನ್ನಲ್ಲ, ಕುರಿಗಳನ್ನು ಮಾತ್ರ ನೋಡು ಎಂದರು. ಕೆಲಸ ಮುಗಿದ ಕುರಿಗಳನ್ನು ಬಿಡುವ ಜಾಗ ಹೊಲದ ಎಡಮೂಲೆಯಲ್ಲಿತ್ತು. ತಮ್ಮ ಜೊತೆಯವರು ಅಲ್ಲಿದ್ದಾರೆಂದು ಪ್ರತಿ ಗುಂಪೂ ಆ ಕಡೆಗೇ ವಾಲುತ್ತಿತ್ತು. ಎರಡನೇ ಗೇಟಿನ ಬಳಿ ಎಲ್ಲರೂ ತಪ್ಪುತ್ತಿದ್ದದ್ದು ಅದಕ್ಕೇ. ನಾಲ್ಕು ಓಟ ನೋಡುವಷ್ಟರಲ್ಲಿ ನನಗೆ ಆ ಸೆಳೆತ ಕಣ್ಣಿಗೆ ಕಟ್ಟಿತು. ಐದನೆಯದರ ಹೊತ್ತಿಗೆ, ನಾನು ಕಾರುಗಳ ಕಡೆ ತಿರುಗಿ ನೋಡಿ ಎಷ್ಟೋ ಹೊತ್ತಾಗಿದೆ ಎಂಬುದು ಗಮನಕ್ಕೆ ಬಂತು.

ಹೆದರಿಕೆಗೆ ನನಗೆ ಗೊತ್ತಿರುವ ಮದ್ದು ಇದೊಂದೇ. ಹೆದರಿದವರ ಕಣ್ಣು ತಮ್ಮ ಕಡೆಗೇ ತಿರುಗಿರುತ್ತದೆ: ಹೇಗೆ ನಿಂತಿದ್ದೇನೆ, ಯಾರು ಏನಂದುಕೊಂಡರು, ಎಷ್ಟು ಅಂಕ ಹೋಯಿತು. ಅದನ್ನು ಕುರಿಯ ಮೇಲೆ ನೆಟ್ಟರೆ ನೋಡಲು ಅಲ್ಲಿ ಎಷ್ಟೊಂದು ಇದೆಯೆಂದರೆ, ಬೇರೆಯದಕ್ಕೆ ಬಿಡುವೇ ಸಿಗುವುದಿಲ್ಲ.

ಇನ್ನೆರಡು ಮಾತು, ಬೇಗ ಹೇಳುತ್ತೇನೆ. ನಾಯಿಯನ್ನು ಕಳಿಸಿದ ಮೇಲೆ ಬಾಯಿ ಮುಚ್ಚಿಕೊಂಡಿರಿ. ಔಟ್‌ರನ್ ನಾಯಿಯ ಸ್ವಂತ ಕೆಲಸ, ಅಲ್ಲಿ ನೀವು ತಿದ್ದಿದಷ್ಟೂ ಅಂಕ ಹೋಗುತ್ತದೆ. ಆ ಹೊತ್ತು ನಿಮಗೆ ಉಸಿರು ಎಳೆದುಕೊಳ್ಳಲು ಸಿಕ್ಕ ಬಿಡುವು ಅಂದುಕೊಳ್ಳಿ. ಎರಡನೆಯದು, ಯಾವಾಗ ಬಿಟ್ಟುಕೊಡಬೇಕೆಂಬುದನ್ನು ಹಿಂದಿನ ರಾತ್ರಿಯೇ ನಿರ್ಧರಿಸಿ. ಇದಕ್ಕೆ ಇಲ್ಲಿ ರಿಟೈರ್ ಎನ್ನುತ್ತಾರೆ. ತೀರ್ಪುಗಾರರಿಗೆ ಸನ್ನೆ ಮಾಡಿ, ನಾಯಿಯನ್ನು ಕರೆದುಕೊಂಡು ಹೊರಗೆ ನಡೆಯುವುದು. ಅನುಭವಿಗಳೂ ಮಾಡುತ್ತಾರೆ, ಯಾರೂ ಹಗುರವಾಗಿ ನೋಡುವುದಿಲ್ಲ. ನಾಯಿ ಕುರಿಯನ್ನು ಬೆನ್ನಟ್ಟತೊಡಗಿದರೆ, ಕುರಿ ಬೇಲಿಗೆ ನುಗ್ಗಿದರೆ, ಅಲ್ಲಿಗೆ ಸಾಕು ಎಂದು ನಾನು ಗೆರೆ ಎಳೆದುಕೊಂಡಿದ್ದೆ. ಹೊರಬರುವ ಬಾಗಿಲು ತೆರೆದಿದೆ ಎಂದು ಗೊತ್ತಿದ್ದರೆ ಒಳಗೆ ಹೋಗುವ ಕಾಲು ಅಷ್ಟು ನಡುಗುವುದಿಲ್ಲ.

ನನ್ನದು ನವೆಂಬರಿನಲ್ಲಿ ನಡೆದ ನರ್ಸರಿ ಸ್ಪರ್ಧೆ. ಚಳಿಗಾಲದ ಹೊತ್ತಿನಲ್ಲಿ ಎಳೆಯ ನಾಯಿಗಳಿಗೆಂದು ನಡೆಸುವುದು. ಬೇರ್ಪಡಿಸುವ ಕೆಲಸ ಅಲ್ಲಿರಲಿಲ್ಲ, ದೂರವೂ ಕಡಿಮೆ. ಸಣ್ಣ ಮಳೆ ಹನಿಯುತ್ತಿತ್ತು. ನೆಲ್ ಬಲಗಡೆಯಿಂದ ಹೋದಳು, ಅಗಲವಾಗಿ, ಎಂದಿಗಿಂತ ಚೆನ್ನಾಗಿ. ಲಿಫ್ಟ್ ಆದಾಗ ನಾಲ್ಕು ಕುರಿ ಒಟ್ಟಿಗೆ ತಿರುಗಿದವು. ಮೊದಲ ಗೇಟು ದಾಟಿತು. ಎರಡನೆಯದರ ಬಳಿ ಎಡಕ್ಕೆ ವಾಲುವುದು ಗೊತ್ತಿದ್ದೂ ಸಿಳ್ಳೆ ಒಂದು ಕ್ಷಣ ತಡವಾಯಿತು, ಎರಡು ಕುರಿ ಗೇಟಿನ ಹೊರಗೇ ಹೋದವು. ರೊಪ್ಪದ ಬಾಯಲ್ಲಿ, ಅದರ ಬಾಗಿಲಿಗೆ ಕಟ್ಟಿದ ಹಗ್ಗ ಹಿಡಿದು ನಿಂತೆ. ಕೈ ನಡುಗುತ್ತಿತ್ತು, ಹಗ್ಗವೂ ನಡುಗುತ್ತಿತ್ತು. ಮೂರು ಕುರಿ ಒಳಗೆ ಕಾಲಿಟ್ಟವು. ನಾಲ್ಕನೆಯದು ನನ್ನ ಕಡೆ ನೋಡಿ, ನೆಲ್ ಕಡೆ ನೋಡಿ, ನಮ್ಮಿಬ್ಬರ ನಡುವೆ ಇದ್ದ ಸಂದಿಯಲ್ಲಿ ನುಸುಳಿ ಹೋಯಿತು. ಅದರ ಹಿಂದೆ ಉಳಿದವೂ ಹೊರಗೆ. ಅವುಗಳನ್ನು ಮತ್ತೆ ತಿರುಗಿಸುವಷ್ಟರಲ್ಲಿ ಸಮಯ ಮುಗಿಯಿತೆಂದು ಕೂಗಿದರು.

ಬೇಲಿಯ ಬಳಿ ಬಂದಾಗ ಆ ರೈತರು ಅಂಕದ ಮಾತೆತ್ತಲಿಲ್ಲ. ತಪ್ಪಿಸಿಕೊಂಡದ್ದು ಯಾವ ಕುರಿ ಎಂದು ಕೇಳಿದರು.

"ಎಡಗಿವಿ ಸೀಳಿದ್ದು. ಲಿಫ್ಟ್ ಆದಾಗಿಂದಲೂ ಉಳಿದ ಮೂರರಿಂದ ಒಂದು ಮಾರು ದೂರವೇ ನಡೀತಿತ್ತು" ಎಂದೆ.

ಅವರು ತಲೆಯಾಡಿಸಿದರು. ತಮ್ಮ ನಾಯಿಯನ್ನು ಕರೆದುಕೊಂಡು ಕಂಬದ ಕಡೆ ನಡೆದರು, ಮುಂದಿನ ಸರದಿ ಅವರದಿತ್ತು. ನೆಲ್ ಬಕೆಟ್ಟಿಗೆ ಮೂತಿ ಹಾಕಿ ನೀರು ಕುಡಿಯತೊಡಗಿದಳು.