ಮಾರುವ ಮನೆಗೆ ಬಾಡಿಗೆ ಸೋಫಾ ಬೇಕಾ?

ಶಿವಮೊಗ್ಗದ ವಿನೋಬನಗರದಲ್ಲಿದ್ದ ನಮ್ಮ ಮನೆಯನ್ನು ಈಚೆಗೆ ಮಾರಿದೆವು. ಅಪ್ಪ ಹೋದ ಮೇಲೆ ಅಮ್ಮ ನನ್ನ ಜೊತೆಗಿದ್ದಾರೆ. ತಮ್ಮ ಬೆಂಗಳೂರಿನಲ್ಲಿ. ಬೀಗ ಹಾಕಿಟ್ಟ ಮನೆ ನಮ್ಮ ಕಡೆಯ ಮಳೆಗೆ ಎಷ್ಟು ಬೇಗ ಹಾಳಾಗುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ಮಾರುವ ವಿಷಯದಲ್ಲಿ ನಮ್ಮಲ್ಲಿ ತಕರಾರು ಇರಲಿಲ್ಲ. ಮಾತು ಬೆಳೆದಿದ್ದು ತಮ್ಮ ಫೋನ್ ಮಾಡಿ, "ಅಕ್ಕಾ, ಇದ್ದ ಹಾಗೇ ತೋರಿಸಬೇಡ. ಮೊದಲು ಸ್ಟೇಜಿಂಗ್ ಮಾಡಿಸೋಣ" ಅಂದಾಗ.

ಹೋಮ್ ಸ್ಟೇಜಿಂಗ್ ಅಂದರೆ ನೋಡಲು ಬರುವವರಿಗಾಗಿ ಮನೆಯನ್ನು ಸಜ್ಜು ಮಾಡುವುದು. ಮನೆಯವರ ಫೋಟೋ, ಕ್ಯಾಲೆಂಡರ್, ಹಳೇ ಬೀರು ಎಲ್ಲ ತೆಗೆಯುತ್ತಾರೆ. ಗೋಡೆಗೆ ತಿಳಿ ಬಣ್ಣ ಹೊಡೆಸುತ್ತಾರೆ. ಸೋಫಾ, ಮಂಚ, ದೀಪ, ಕುಂಡದ ಗಿಡ ಬಾಡಿಗೆಗೆ ತಂದಿಡುತ್ತಾರೆ. ಫೋಟೋ ತೆಗೆಸಿ ಜಾಹೀರಾತಿಗೆ ಹಾಕುತ್ತಾರೆ. ಮನೆ ಕೈ ಬದಲಾದ ಮೇಲೆ ಸಾಮಾನೆಲ್ಲ ವಾಪಸ್. ಅಮೆರಿಕದಲ್ಲಿ ಇದು ದೊಡ್ಡ ಕಸುಬು. 1972ರಲ್ಲಿ ಇದನ್ನು ಶುರು ಮಾಡಿದ ಹೆಸರು ಅಲ್ಲಿನ ಬಾರ್ಬ್ ಶ್ವಾರ್ಟ್ಜ್ ಎಂಬ ಮಹಿಳೆಗಿದೆ.

ತಮ್ಮ ಲೆಕ್ಕದ ಮನುಷ್ಯ. ಅಮೆರಿಕದ ರಿಯಲ್ಟರುಗಳ, ಅಂದರೆ ಮನೆ ಮಾರಿಸುವ ಏಜೆಂಟರ, ಸಂಘ 2023ರಲ್ಲಿ ಮಾಡಿದ ಸಮೀಕ್ಷೆಯನ್ನು ನನಗೆ ಕಳಿಸಿದ. ಕೊಳ್ಳುವವರ ಪರ ಕೆಲಸ ಮಾಡುವ ಏಜೆಂಟರಲ್ಲಿ 81% ಮಂದಿ, ಸ್ಟೇಜಿಂಗ್ ಮಾಡಿದರೆ ಕೊಳ್ಳುವವರಿಗೆ ಅದು ತಮ್ಮ ಮನೆ ಅಂತ ಊಹಿಸಿಕೊಳ್ಳುವುದು ಸುಲಭ ಅಂದಿದ್ದರು. 20% ಮಂದಿ ಬೆಲೆ 1ರಿಂದ 5%ವರೆಗೆ ಏರುತ್ತದೆ ಅಂದಿದ್ದರು. "ನಮ್ಮ ಮನೆಗೆ 80 ಲಕ್ಷ ಅಂದುಕೋ. 5% ಅಂದರೆ 4 ಲಕ್ಷ ಅಲ್ವಾ?" ಅಂದ. ನಾನು ಅದನ್ನು ಕೂತು ಓದಿದೆ. ಅದು ಏಜೆಂಟರ ಅಭಿಪ್ರಾಯ. ಒಂದೇ ಮನೆಯನ್ನು ಎರಡು ಥರ ಮಾರಿ ನೋಡಿದ ಲೆಕ್ಕ ಅಲ್ಲ. 2015ರಲ್ಲಿ ಅಮೆರಿಕದಲ್ಲೇ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದೇ ಮನೆಯನ್ನು ಬೇರೆ ಬೇರೆ ಗೋಡೆ ಬಣ್ಣ, ಬೇರೆ ಬೇರೆ ಪೀಠೋಪಕರಣ ಹಾಕಿ ಕಂಪ್ಯೂಟರಿನಲ್ಲಿ ಜನರಿಗೆ ತೋರಿಸಿದ್ದರು. ಚೆಂದ ಮಾಡಿದ ಮನೆ ಜನರಿಗೆ ಜಾಸ್ತಿ ಇಷ್ಟವಾಯಿತು. ಆದರೆ ಕೊಡುತ್ತೇವೆ ಅಂದ ಬೆಲೆಯಲ್ಲಿ ವ್ಯತ್ಯಾಸ ಬರಲಿಲ್ಲ. ಇಷ್ಟಪಡುವುದು ಬೇರೆ, ದುಡ್ಡು ಬಿಚ್ಚುವುದು ಬೇರೆ.

ಆದರೂ ತಮ್ಮನ ಮಾತು ತೆಗೆದುಹಾಕಲು ಮನಸ್ಸಾಗಲಿಲ್ಲ. ಬೆಂಗಳೂರಿನಿಂದ ಸ್ಟೇಜಿಂಗ್ ಹುಡುಗ ಒಬ್ಬ ಬಂದ. ಒಂದು ಸಲ ಬಂದು ನೋಡಿ ಹೇಳುವುದಕ್ಕೆ 4,000 ರೂಪಾಯಿ.

ಆ ಹುಡುಗನ ಕಣ್ಣು ನಿಜಕ್ಕೂ ಚುರುಕಾಗಿತ್ತು. ಬಾಗಿಲಲ್ಲಿ ಬಹಳ ಹೊತ್ತು ಸುಮ್ನೆ ನಿಂತ. ಆಮೇಲೆ, "ಮೇಡಂ, ಹಾಲ್‌ನಲ್ಲಿ ಇನ್ನೊಂದು ಕಿಟಕಿ ಇರಬೇಕಲ್ಲ?" ಅಂದ. ಇತ್ತು. ಪೂರ್ವದ ಕಿಟಕಿ. ಅದರ ಮುಂದೆ ಅಪ್ಪನ ಪುಸ್ತಕದ ಕಪಾಟು ಕೂತು ಯಾವ ಕಾಲವಾಯಿತೋ. ಅಡುಗೆಮನೆ ಕಟ್ಟೆಯ ಮೇಲೆ ಮಿಕ್ಸಿ, ಗ್ರೈಂಡರ್, ಎಣ್ಣೆ ಡಬ್ಬ, ಉಪ್ಪಿನಕಾಯಿ ಭರಣಿ ಸಾಲಾಗಿದ್ದವು. ಅವನ್ನೆಲ್ಲ ಒಂದು ಕಡೆ ಸರಿಸಿ ಬರೀ ಕಪ್ಪು ಕಡಪ ಕಲ್ಲು ತೋರಿಸಿ, "ನೋಡಿ, ಇಷ್ಟುದ್ದ ಇದೆ" ಅಂದ. ಅಮ್ಮ ಕೂಡ ನಿಂತು ನೋಡಿದರು. ಹಾಲ್‌ನ ರೆಡ್ ಆಕ್ಸೈಡ್ ನೆಲದ ಮೇಲಿದ್ದ ಪ್ಲಾಸ್ಟಿಕ್ ಹಾಸು ಎತ್ತಿ, ಇದನ್ನು ಮುಚ್ಚಬಾರದು, ತಿಕ್ಕಿಸಿ ಹೊಳಪು ಬರಿಸಿ ಅಂದ. ಇಷ್ಟೂ ಸರಿಯಾದ ಮಾತೇ.

ಆಮೇಲೆ ಹಿಂದಿನ ಕೋಣೆಗೆ ಹೋದೆವು. ಅಲ್ಲಿ ನೈರುತ್ಯದ ಗೋಡೆಗೆ ಥಂಡಿ ಹಿಡಿದಿತ್ತು. ಸೊಂಟದೆತ್ತರದಿಂದ ಸೂರಿನವರೆಗೂ ಬಣ್ಣ ಹೊಪ್ಪಳಿಕೆ ಎದ್ದಿತ್ತು. ಬೆರಳಿಟ್ಟರೆ ಹಿಟ್ಟಿನ ಥರ ಬಿಳಿ ಉಪ್ಪು ಅಂಟುತ್ತಿತ್ತು. ಮೂಲೆಯಲ್ಲಿ ಕಪ್ಪು ಬೂಸ್ಟು. ಮುಂಗಾರು ನಮಗೆ ಬಂದು ಬಡಿಯುವುದೇ ಆ ದಿಕ್ಕಿನಿಂದ. ತೀರ್ಥಹಳ್ಳಿ ಕಡೆ ಅಜ್ಜನ ಮನೆಯಲ್ಲಿ ಮಳೆಗಾಲಕ್ಕೆ ಮೊದಲೇ ಆ ಬದಿಯ ಮಣ್ಣಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಊರಲ್ಲಿ ಸಿಮೆಂಟಿನ ಮನೆ ಕಟ್ಟಿದ ಮೇಲೆ ಯಾರಿಗೂ ಆ ಯೋಚನೆ ಬರುವುದಿಲ್ಲ.

ಹುಡುಗ ಟೇಪು ಹಿಡಿದು ಗೋಡೆ ಅಳೆದ. "ಇದೇನೂ ತೊಂದರೆ ಇಲ್ಲ ಮೇಡಂ. ಪೂರ್ತಿ ಗೋಡೆಗೆ ಪ್ಯಾನೆಲ್ ಹೊಡೆಸ್ತೀವಿ. ಮುಂದೆ ಮಂಚ, ಎರಡು ದೀಪ. ಮನೆಯಲ್ಲಿ ಎಲ್ಲಕ್ಕಿಂತ ಚೆಂದದ ರೂಮು ಇದೇ ಆಗುತ್ತೆ" ಅಂದ. ಒಟ್ಟು ಖರ್ಚು, ಒಂದು ತಿಂಗಳ ಬಾಡಿಗೆ, ಲಾರಿ, ಫೋಟೋ ಎಲ್ಲ ಸೇರಿ 1 ಲಕ್ಷ 40 ಸಾವಿರ.

ಅವನಲ್ಲಿ ಕೆಟ್ಟ ಬುದ್ಧಿ ಇತ್ತು ಅಂತ ನನಗೆ ಅನಿಸಲಿಲ್ಲ. ಅವನ ಕೆಲಸದಲ್ಲಿ ಗೋಡೆ ಅಂದರೆ ಕಾಣುವ ಮುಖ. ಆದರೆ ನನಗೆ ಆ ಮಾತು ಕೇಳಿ ಹೊಟ್ಟೆಯಲ್ಲಿ ಸಂಕಟವಾಯಿತು. ಮುಂದಿನ ಜೂನ್‌ನಲ್ಲಿ ಆ ಪ್ಯಾನೆಲ್ ಹಿಂದೆ ನೀರಿಳಿಯುತ್ತದೆ. ಅಲ್ಲಿ ಯಾರದೋ ಮಗು ಮಲಗಿರುತ್ತದೆ. ಆ ಮನೆಯವರು ಅಪ್ಪನ ಹೆಸರು ಹಿಡಿದು ಬೈಯುತ್ತಾರೆ. ಕಾನೂನೂ ಇದನ್ನು ಒಪ್ಪುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಮಾಮೂಲಿ ಎಚ್ಚರಿಕೆಯಿಂದ ನೋಡಿದರೂ ಕೊಳ್ಳುವವರ ಕಣ್ಣಿಗೆ ಬೀಳದ ದೊಡ್ಡ ದೋಷ ಮಾರುವವರಿಗೆ ಗೊತ್ತಿದ್ದರೆ ಅದನ್ನು ಅವರೇ ಹೇಳಬೇಕು. ಕಣ್ಣಿಗೆ ಬೀಳುತ್ತಿದ್ದ ದೋಷವನ್ನು ನಾವೇ ದುಡ್ಡು ಕೊಟ್ಟು ಮುಚ್ಚಿಸುವುದು ಇನ್ನೂ ದೊಡ್ಡ ತಪ್ಪು.

ಅವತ್ತೇ ರಾತ್ರಿ ತಮ್ಮನಿಗೆ ಹೇಳಿದೆ, "ಸೋಫಾ ಬೇಡ. ಆ ದುಡ್ಡಲ್ಲಿ ಗೋಡೆ ಸರಿ ಮಾಡಿಸ್ತೀನಿ." ಅವನು ಸ್ವಲ್ಪ ಹೊತ್ತು ವಾದ ಮಾಡಿದ. ಗೋಡೆಯ ವಿಡಿಯೋ ಕಳಿಸಿದ ಮೇಲೆ, "ಆಯ್ತು ಅಕ್ಕಾ, ನೀನು ಹೇಳಿದ್ದೇ ಸರಿ" ಅಂದ.

ಮೇಸ್ತ್ರಿ ಗೋಡೆ ನೋಡಲೇ ಇಲ್ಲ, ಸೀದಾ ತಾರಸಿ ಹತ್ತಿದರು. ನೀರಿಳಿಯುವ ಪೈಪಿನ ಬಾಯಿಗೆ ಮಾವಿನೆಲೆ ಕೊಳೆತು ಕೂತಿತ್ತು. ಪ್ಯಾರಾಪೆಟ್ ಗೋಡೆ ತಾರಸಿಗೆ ಕೂಡುವ ಮೂಲೆಯಲ್ಲಿ ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು. "ವಾಟ ಸರಿಯಾಗೇ ಇದೆ ಅಕ್ಕ. ನೀರು ಮೂಲೆಗೆ ಬಂದು ಹೋಗಕ್ಕೆ ದಾರಿ ಇಲ್ಲದೆ ಗೋಡೆಗೆ ಇಳೀತಿದೆ" ಅಂದರು. ಬಿರುಕು ಕೊರೆದು ತುಂಬಿಸಿ, ಮೂಲೆಯನ್ನು ದುಂಡಗೆ ಗಾರೆ ಮಾಡಿ, ಮೇಲೆ ವಾಟರ್‌ಪ್ರೂಫಿಂಗ್ ಬಳಿದರು. ಒಳಗೆ ಇಟ್ಟಿಗೆ ಕಾಣುವವರೆಗೂ ಹಳೇ ಗಾರೆ ಕೆತ್ತಿ ಹಾಗೇ ಬಿಟ್ಟರು. ಪೂರ್ತಿ ಒಣಗುವ ಮೊದಲು ಪುಟ್ಟಿ ಹಾಕಿದರೆ ಇದೇ ಕಥೆ ಮತ್ತೆ ಅಂತ ಗಟ್ಟಿಯಾಗಿ ಹೇಳಿದರು. ನಾವು ಕಾದೆವು. ಬ್ರೋಕರ್ ಮಾತ್ರ, "ಪಾರ್ಟಿ ರೆಡಿ ಇದೆ ಮೇಡಂ, ಸುಣ್ಣ ಬಳಿದು ತೋರಿಸಿಬಿಡಿ" ಅಂತ ಅವಸರ ಮಾಡುತ್ತಲೇ ಇದ್ದರು. ಗೋಡೆ, ತಾರಸಿ, ಹಾಲ್‌ಗೆ ಮತ್ತು ಮುಂಭಾಗಕ್ಕೆ ಬಣ್ಣ, ನೆಲ ತಿಕ್ಕಿಸಿದ್ದು ಎಲ್ಲ ಸೇರಿ 62,000 ಆಯಿತು.

ಅಷ್ಟರಲ್ಲಿ ಕಾಗದಪತ್ರದ ಕೆಲಸವೂ ಮುಗಿಸಿದೆವು. ಖಾತೆ ಅಪ್ಪನ ಹೆಸರಲ್ಲೇ ಇತ್ತು. ವಂಶವೃಕ್ಷ, ಮರಣ ಪ್ರಮಾಣಪತ್ರ ಕೊಟ್ಟು ಬದಲಾಯಿಸಿ ಇ-ಖಾತೆ ಮಾಡಿಸಿದೆವು. ಕಂದಾಯ ಕಟ್ಟಿದೆವು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿ, ಅಂದರೆ ಋಣಭಾರ ಪತ್ರ, ತೆಗೆದೆವು. ಇದು ಇಲ್ಲದೆ ಎಷ್ಟು ಸಿಂಗಾರ ಮಾಡಿದರೂ ನೋಂದಣಿ ಕಚೇರಿಯ ಮೆಟ್ಟಿಲ ಹತ್ತಿರವೂ ಹೋಗಲು ಆಗುವುದಿಲ್ಲ.

ಮನೆ ತೋರಿಸಿದ್ದು ಒಂದು ಭಾನುವಾರ ಬೆಳಿಗ್ಗೆ. ಹುಡುಗ ಹೇಳಿದ್ದ ಹಾಗೆ ಕಪಾಟು ತೆಗೆಸಿದ್ದೆವು. ಪೂರ್ವದ ಬಿಸಿಲು ಕೆಂಪು ನೆಲದ ಮೇಲೆ ಅಡುಗೆಮನೆ ಬಾಗಿಲವರೆಗೂ ಬಿದ್ದಿತ್ತು. ಅಮ್ಮ ದೇವರಕೋಣೆಯಲ್ಲಿ ದೀಪ ಹಚ್ಚಿದ್ದರು. ಫೋಟೋ ತೆಗೆದಿಡಬೇಕು ಅನ್ನುವುದು ಸ್ಟೇಜಿಂಗ್ ಪದ್ಧತಿಯಾದರೂ ದೇವರ ಪಟ ತೆಗೆಯಲು ನಾನು ಒಪ್ಪಲಿಲ್ಲ. ನಮ್ಮ ಜನಕ್ಕೆ ದೀಪ ಹಚ್ಚಿದ ಮನೆಯೇ ಚೆಂದ.

ಬಂದವರು ಭದ್ರಾವತಿಯ ಒಂದು ಕುಟುಂಬ. ಗಂಡ, ಹೆಂಡತಿ, ಗಂಡನ ತಾಯಿ, ಜೊತೆಗೆ ವಾಸ್ತು ಗೊತ್ತಿರುವ ಮಾವ. ಅಮೆರಿಕದ ಸಮೀಕ್ಷೆಯಲ್ಲಿ ಹಾಲ್‌ಗೆ ಮೊದಲ ಜಾಗ. ಇಲ್ಲಿ ಹಾಲ್‌ನಲ್ಲಿ ಯಾರೂ ನಿಲ್ಲಲಿಲ್ಲ. ಮಾವ ದಿಕ್ಕು ನೋಡಲು ಹೊರಗೇ ಉಳಿದರು. ಗಂಡ ಹೆಜ್ಜೆ ಹಾಕಿ ರಸ್ತೆ ಅಗಲ ಅಳೆದರು. ಹೆಂಡತಿ ಅಡುಗೆಮನೆ ಕಟ್ಟೆಯ ಮುಂದೆ ನಿಂತು ಎರಡೂ ಕೈ ಚಾಚಿ ನೋಡಿಕೊಂಡರು.

ಆ ತಾಯಿ ಸೀದಾ ಬಚ್ಚಲಿಗೆ ಹೋದರು. ನಲ್ಲಿ ಪೂರ್ತಿ ತಿರುಗಿಸಿ ನೀರಿನ ರಭಸ ನೋಡಿದರು. "ಬೇಸಿಗೇಲಿ ನೀರಿಗೆ ಎಂತ ಮಾಡ್ತೀರಿ?" ಅಂತ ಅಮ್ಮನನ್ನು ಕೇಳಿದರು. ಅಮ್ಮ ಸಂಪು, ತುಂಗಾ ನೀರು, ಬೋರು ಮೂರರ ಕಥೆಯನ್ನೂ ಹೇಳಿದರು. ಆಮೇಲೆ ಅವರು ಹಿಂದಿನ ಕೋಣೆಗೆ ಬಂದು ಅದೇ ನೈರುತ್ಯದ ಗೋಡೆಗೆ ಅಂಗೈ ಒತ್ತಿ ಹಿಡಿದರು. ಮೂಗಿನ ಹತ್ತಿರ ಕೈ ತಂದು ಮೂಸಿದರು. "ಹೊಸ ಗಾರೆ ಇದು. ಎಂತಕ್ಕೆ ಹಾಕ್ಸಿದ್ದು?" ಅಂತ ನನ್ನನ್ನೇ ನೋಡಿ ಕೇಳಿದರು.

ನಾನು ಎಲ್ಲ ಹೇಳಿದೆ. ಗೋಡೆ ಕೆತ್ತಿದಾಗ ತೆಗೆದ ಫೋಟೋ ತೋರಿಸಿದೆ. ಅವರ ಮಗನನ್ನು ತಾರಸಿಗೆ ಕರೆದುಕೊಂಡು ಹೋಗಿ ಮೂಲೆ ತೋರಿಸಿದೆ. ಮೇಸ್ತ್ರಿಗೆ ಅಲ್ಲಿಂದಲೇ ಫೋನ್ ಮಾಡಿ ಅವರ ಕೈಗೆ ಕೊಟ್ಟೆ. ಬ್ರೋಕರ್ ಮುಖ ಸಣ್ಣದಾಯಿತು. ಆ ತಾಯಿ ಮಾತ್ರ ಮೊದಲ ಸಲ ಕೂತರು. ಅಮ್ಮ ಕೊಟ್ಟ ಕಷಾಯ ಕುಡಿಯುತ್ತಾ, ಅಮ್ಮನ ತವರು ಎಲ್ಲಿ, ಎದುರು ಮನೆಯವರು ಹೇಗೆ ಅಂತ ಮಾತಿಗೆ ಶುರು ಮಾಡಿದರು.

ಬೆಲೆಯ ಮಾತು ಮುಂದಿನ ವಾರ. ಅವರು ಲೆಕ್ಕ ಹಾಕಿದ್ದು ಮೊದಲು ಸೈಟಿಗೆ, ಚದರಡಿಗೆ ಇಷ್ಟು ಅಂತ. ಆಮೇಲೆ ಕಟ್ಟಡಕ್ಕೆ, ಅದರ ವಯಸ್ಸು ಕಳೆದು. ಅವರ ಬ್ಯಾಂಕಿನಿಂದ ಬೆಲೆ ಕಟ್ಟುವ ವ್ಯಾಲ್ಯುಯರ್ ಬಂದಾಗಲೂ ಅಷ್ಟೇ. ಟೇಪು ಹಿಡಿದರು, ಗೋಡೆ ನೋಡಿದರು, ನಕ್ಷೆ ಕೇಳಿದರು, ಹೋದರು. ಹಳೇ ಮನೆ ಕೊಳ್ಳುವವರ ಕಷ್ಟ ನನಗೆ ಅರ್ಥವಾಗಿದ್ದು ಆವಾಗಲೇ. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ರಿಸರ್ವ್ ಬ್ಯಾಂಕ್ ನಿಯಮದಂತೆ ಬ್ಯಾಂಕು ಆಸ್ತಿ ಬೆಲೆಯ 80%ವರೆಗೆ ಮಾತ್ರ ಕೊಡಬಹುದು. ಉಳಿದದ್ದು ಕೈಯಿಂದ. ಅದರ ಮೇಲೆ 45 ಲಕ್ಷ ದಾಟಿದ ಆಸ್ತಿಗೆ ಸ್ಟಾಂಪ್ ಡ್ಯೂಟಿ 5%, ಜೊತೆಗೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 1% ಇದ್ದದ್ದು 2025ರ ಆಗಸ್ಟ್ 31ರಿಂದ 2% ಆಗಿದೆ. ಇಷ್ಟೆಲ್ಲ ಹೊಂದಿಸಬೇಕಾದ ಮನೆಯವರು ವಾಪಸ್ ಹೋಗುವ ಸೋಫಾ ನೋಡಿ 4 ಲಕ್ಷ ಜಾಸ್ತಿ ಕೊಡುತ್ತಾರಾ? ನನಗಂತೂ ನಂಬಿಕೆಯಿಲ್ಲ.

ಥಂಡಿ ಗೋಡೆಯ ನೆಪದಲ್ಲಿ ಬೆಲೆ ಇಳಿಸುತ್ತಾರೆ ಅಂತ ಬ್ರೋಕರ್ ಹೆದರಿಸಿದ್ದರು. ಕೊಳ್ಳುವವರು ಆ ಮಾತೇ ಎತ್ತಲಿಲ್ಲ. ಚೌಕಾಸಿ ನಡೆದಿದ್ದು ರಸ್ತೆ ಅಗಲದ ಮೇಲೆ. ನಾವು ಅಂದುಕೊಂಡಿದ್ದಕ್ಕಿಂತ ಸ್ವಲ್ಪ ಕಡಿಮೆಗೆ ಮಾತು ಮುಗಿಯಿತು. ಆದರೆ ಅಡ್ವಾನ್ಸ್ ಕೊಟ್ಟ ಮೇಲೆ ಅವರು ಒಂದು ಸಲವೂ ಹಿಂದೆ ಮುಂದೆ ನೋಡಲಿಲ್ಲ.

ಬೆಂಗಳೂರಿನ ಖಾಲಿ ಫ್ಲಾಟಿನ ಮಾತು ಬೇರೆ. ಅಲ್ಲಿ ಒಂದೇ ಕಟ್ಟಡದಲ್ಲಿ ಒಂದೇ ಥರದ ಹತ್ತು ಮನೆ ಮಾರಾಟಕ್ಕಿರುತ್ತವೆ. ಜನ ಮೊದಲು ಫೋನಿನಲ್ಲಿ ಫೋಟೋ ನೋಡಿ ಆರಿಸುತ್ತಾರೆ. ಬರೀ ಗೋಡೆ ನೋಡಿದರೆ ಮಂಚ ಎಲ್ಲಿ ಹಿಡಿಸುತ್ತದೆ ಅಂತ ತಿಳಿಯುವುದಿಲ್ಲ. ತಮ್ಮ ಅವನ ಫ್ಲಾಟ್ ಮಾರುವಾಗ ಸ್ಟೇಜಿಂಗ್ ಮಾಡಿಸಿದರೆ ನಾನು ಬೇಡ ಅನ್ನುವುದಿಲ್ಲ. ಹೊರಗಿನವರು ರಜೆಗೆಂದು ಕೊಳ್ಳುವ ಸಾಗರ, ತೀರ್ಥಹಳ್ಳಿ ಕಡೆಯ ತೋಟದ ಮನೆಗೂ ಅದು ಹೊಂದಬಹುದು.

ನಮ್ಮ ಬೀದಿಯಲ್ಲೇ ಈಗ ಇನ್ನೊಂದು ಹಳೇ ಮನೆ ಮಾರಾಟಕ್ಕಿದೆ. ಆ ಮನೆಯ ಅಕ್ಕ ಮೊನ್ನೆ ಫೋನ್ ಮಾಡಿ, ನೀವು ಏನು ಮಾಡಿಸಿದಿರಿ ಅಂತ ಕೇಳಿದರು. ಮೇಸ್ತ್ರಿ ನಂಬರ್ ಕೊಟ್ಟೆ. ಸ್ಟೇಜಿಂಗ್ ಹುಡುಗನ ನಂಬರನ್ನೂ ಕೊಟ್ಟೆ, ಆ 4,000 ರೂಪಾಯಿಯ ಕೆಲಸಕ್ಕೆ ಮಾತ್ರ. ಅವರ ಮನೆಯಲ್ಲೂ ಬೀರು ಕಿಟಕಿಗೆ ಅಡ್ಡ ಇದೆ.