ಅರವತ್ತು ನಿಮಿಷದ ಕ್ಯಾಸೆಟ್ಟು

ಹಾಸ್ಟೆಲಿನಲ್ಲಿ ನಮ್ಮನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರು ಹಿಡಿದು ಕರೆಯುತ್ತಿದ್ದರು. ಒಬ್ಬ ಶಿರಸಿ, ಒಬ್ಬ ದಾಂಡೇಲಿ, ನಾನು ಅಂಕೋಲೆ. ಡಿಗ್ರಿ ಓದಲೆಂದು ಕಾರವಾರಕ್ಕೆ ಬಂದ ಮೂವರಿಗೂ ಸೇರಿ ಒಂದೇ ಟೇಪ್‌ರೆಕಾರ್ಡರ್. ಮಳೆಗಾಲದಲ್ಲಿ ಕರೆಂಟು ಹೋದರೆ ಶೆಲ್ಲು. ಶೆಲ್ಲು ಇಳಿದು ದನಿ ಎಳೆಯತೊಡಗಿದರೆ ಅಂಗೈಯಲ್ಲಿ ಉಜ್ಜಿ ಮತ್ತೆ ಹಾಕುತ್ತಿದ್ದೆವು.

ರಾಕ್ ಸಂಗೀತದ ಅಬ್ಬರದ ಕವಲಾದ ಹೆವಿ ಮೆಟಲ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಆಲ್ಬಂ ಯಾವುದು? ಈ ಜಗಳ ಮೂರು ವರ್ಷವೂ ನಡೆಯಿತು.

ದಾಂಡೇಲಿಯವನದು ಬ್ಲ್ಯಾಕ್ ಸಬ್ಬತ್ ತಂಡದ ‘ಪ್ಯಾರನಾಯ್ಡ್’, 1970ರದು. ಆ ತಂಡದ ಗಿಟಾರ್ ವಾದಕ, ಬರ್ಮಿಂಗ್‌ಹ್ಯಾಮ್‌ನ ಹುಡುಗ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ. ಎಡಚನಾದ ಅವನಿಗೆ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡು, ತೆಳು ತಂತಿ ಹಾಕಿ ಮತ್ತೆ ಗಿಟಾರ್ ಹಿಡಿದ. ಕಾರ್ಖಾನೆಯ ಕೆಲಸಗಾರನ ಮಗನಾದ ನಮ್ಮ ಗೆಳೆಯ ಇದನ್ನು ಹೇಳುವಾಗಲೆಲ್ಲ ದನಿ ತಗ್ಗಿಸುತ್ತಿದ್ದ. “ಇದೊಂದು ಇಲ್ದಿದ್ರೆ ನಿಮ್ದು ಯಾವ್ದೂ ಹುಟ್ತಿರ್ಲಿಲ್ಲ” ಎನ್ನುವುದು ಅವನ ವಾದ.

ಶಿರಸಿಯವನಿಗೆ ಮೊದಲು ಹುಟ್ಟಿದ್ದು ಯಾವುದೆಂಬ ಲೆಕ್ಕ ಬೇಡ. ಸ್ಲೇಯರ್‌ನ ‘ರೇನ್ ಇನ್ ಬ್ಲಡ್’, 1986. 10 ಹಾಡು, ಸುಮಾರು 29 ನಿಮಿಷ. 60 ನಿಮಿಷದ ಕ್ಯಾಸೆಟ್ಟಿನ ಒಂದೇ ಬದಿಗೆ ಇಡೀ ಆಲ್ಬಂ ಹಿಡಿಯುತ್ತಿತ್ತು. “ಹೋಳಿ ಬೇಡರ ವೇಷದಲ್ಲಿ ತಮಟೆ ನಡುವೆ ನಿಂತು ದಣಿವು ಆರಿಸ್ಕಳ್ತಾರನಾ?” ಎಂದು ಕೇಳುತ್ತಿದ್ದ. ಈ ಮಾತಿಗೆ ಎದುರು ಹೇಳುವುದು ಕಷ್ಟ. ಆ ತಮಟೆಯನ್ನು ನಾನೂ ಶಿರಸಿಯ ಬೀದಿಯಲ್ಲಿ ನಿಂತು ಕೇಳಿದ್ದೇನೆ.

ನಾನು ಐರನ್ ಮೇಡನ್‌ನ ಕಡೆ. 1984ರ ‘ಪವರ್‌ಸ್ಲೇವ್’. ಅದರ ಕೊನೆಯ ಹಾಡು ಕೋಲ್‌ರಿಜ್ 1798ರಲ್ಲಿ ಪ್ರಕಟಿಸಿದ ಮುದಿ ನಾವಿಕನ ಪದ್ಯವನ್ನು ಆಧರಿಸಿದ್ದು, 13 ನಿಮಿಷಕ್ಕೂ ಮೀರಿದ್ದು. ಅದೇ ಪದ್ಯ ನಮಗೆ ಪಠ್ಯವಾಗಿತ್ತು. ಇಂಗ್ಲಿಷ್ ಸರ್ ಅದನ್ನು ಮುಗಿಸಿದ ದಿನ ಧೈರ್ಯ ಮಾಡಿ ಹೇಳಿದೆ, “ಸರ್, ಇದು ಹಾಡಾಗಿದೆ.” “ತಗೊಂಡು ಬಾ” ಅಂದರು.

ಮರುದಿನ ಟೇಪ್‌ರೆಕಾರ್ಡರ್ ಹೊತ್ತುಕೊಂಡು ಇಂಗ್ಲಿಷ್ ವಿಭಾಗಕ್ಕೆ ಹೋದೆ. ಸರ್ ಪಠ್ಯಪುಸ್ತಕ ತೆರೆದಿಟ್ಟು, ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೇಳಿದರು. ಹಾಡಿನ ನಡುವೆ ಗಾಳಿ ಬಿದ್ದು ಹಡಗು ನಿಂತುಬಿಡುವ ಭಾಗ ಬರುತ್ತದೆ. ಗಿಟಾರಿನ ಅಬ್ಬರ ಅಡಗಿ, ಹಡಗಿನ ಮರ ಕಿರುಗುಟ್ಟುವ ಸದ್ದು ಕೇಳಿಸಿ, ಕೋಲ್‌ರಿಜ್‌ನ ಸಾಲುಗಳನ್ನೇ ಒಂದು ದನಿ ಓದುತ್ತದೆ. ಸರ್ ಪುಸ್ತಕ ಮುಚ್ಚಿದರು. “ಬೈತಖೋಲ ಬಂದರಿನಲ್ಲಿ ಮಳೆಗಾಲಕ್ಕೆ ಕಟ್ಟಿಹಾಕಿದ ಬೋಟು ಹೀಗೇ ನರಳ್ತಾವೆ” ಅಂದರು. ಹಾಡು ಮುಗಿಯುವವರೆಗೂ ಮತ್ತೆ ಮಾತಿಲ್ಲ.

ನಾನು ಗೆದ್ದೆನೆಂದುಕೊಂಡೆ. ಆ ಶನಿವಾರದ ಚರ್ಚಾಕೂಟಕ್ಕೆ ಸರ್ ಇದೇ ವಿಷಯ ಕೊಟ್ಟರು. ನನ್ನ ಸರದಿ ಮುಗಿದ ಮೇಲೆ ಕೇಳಿದರು:

“ತಮಾ, ಹಾಡು ದೊಡ್ಡದು, ಸಂಶಯ ಇಲ್ಲ. ಆದ್ರೆ ನೀನು ಆಲ್ಬಂ ಬಗ್ಗೆ ಮಾತಾಡ್ಬೇಕಿತ್ತು. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ, ಬೆಳಗಿನ ಜಾವದ ಒಂದು ಪದ್ಯ ಚೆಂದ ಆಯ್ತು ಅಂದ್ರೆ ಆಟವೇ ಚೆಂದ ಆಯ್ತು ಅಂತೀಯಾ?”

ನನಗೆ ಉತ್ತರ ಹೊಳೆಯಲಿಲ್ಲ. ಆ ಕ್ಯಾಸೆಟ್ಟಿನಲ್ಲಿ ನಾನು ಮುಂದಕ್ಕೆ ಓಡಿಸುತ್ತಿದ್ದ ಹಾಡುಗಳಿದ್ದವು. ಅದು ನನಗೆ ಗೊತ್ತಿತ್ತು.

ಅಲ್ಲಿಂದ ನಾನು ಆಲ್ಬಂ ಕೇಳುವ ರೀತಿಯೇ ಬೇರೆಯಾಯಿತು. ಯಾವ ಹಾಡು ಎಲ್ಲಿ ಕೂತಿದೆ, ಅದನ್ನು ಕಿತ್ತರೆ ಏನು ಬೀಳುತ್ತದೆ ಎಂದು ನೋಡತೊಡಗಿದೆ. ಹಾಗೆ ಕೇಳುತ್ತ ಬಂದವನು ನಿಂತದ್ದು ಮೆಟಾಲಿಕಾದ ‘ಮಾಸ್ಟರ್ ಆಫ್ ಪಪೆಟ್ಸ್’ ಬಳಿ. ಅದೂ 1986ರದೇ. 8 ಹಾಡು, ಬದಿಗೆ ನಾಲ್ಕರಂತೆ ಸುಮಾರು 55 ನಿಮಿಷ. ಮೆಲುವಾದ ಗಿಟಾರಿನಿಂದ ಶುರುವಾಗಿ ತಟ್ಟನೆ ಸಿಡಿಯುತ್ತದೆ. ಮೊದಲ ಬದಿಯ ಕೊನೆಗೆ ಹುಚ್ಚಾಸ್ಪತ್ರೆಯ ಹಾಡಿನಲ್ಲಿ ನಿಧಾನಕ್ಕೆ ಇಳಿದು ಮತ್ತೆ ಏರುತ್ತದೆ. ಎರಡನೆಯ ಬದಿಯಲ್ಲಿ ಮಾತೇ ಇಲ್ಲದ ‘ಓರಿಯನ್’ ಇದೆ. ಅದರ ನಟ್ಟನಡುವೆ ಎಲ್ಲ ತಣ್ಣಗಾಗಿ ತಂಡದ ಕ್ಲಿಫ್ ಬರ್ಟನ್‌ನ ಬಾಸ್ ಗಿಟಾರ್ ಒಂದೇ ನಡೆಯತೊಡಗುವಾಗ, ಇಳಿವ ಹೊತ್ತಿನ ಕಾಳಿ ನದಿಯ ಅಳಿವೆ ನನಗೆ ಕಾಣುತ್ತದೆ. ಆಲ್ಬಂ ಬಂದದ್ದು ಮಾರ್ಚ್‌ನಲ್ಲಿ. ಅದೇ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನಲ್ಲಿ ಅವರ ಬಸ್ಸು ಮಗುಚಿ ಬರ್ಟನ್ ತೀರಿಕೊಂಡ. 24 ವರ್ಷ. ಮರುಕಕ್ಕೆ ಈ ಮಾತು ಹೇಳುತ್ತಿಲ್ಲ, ಅವನು ಇರದಿದ್ದರೂ ಇದ್ದರೂ ಆ ಎಂಟರಲ್ಲಿ ಒಂದನ್ನೂ ತೆಗೆಯಲಾಗದು.

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಮೂವರೂ ಕೂಡಿ ಹೋದೆವು. ‘ಮಾಸ್ಟರ್ ಆಫ್ ಪಪೆಟ್ಸ್’ ಹಾಡು ಶುರುವಾದಾಗ ಶಿರಸಿಯವನು ನನ್ನ ಭುಜ ಹಿಡಿದು, “ಆತು ಮಾರಾಯಾ, ಒಪ್ದೆ” ಎಂದು ಕಿವಿಯಲ್ಲಿ ಕೂಗಿದ. ಮರಳುವಾಗ ಬಸ್ಸಿನಲ್ಲಿ ದಾಂಡೇಲಿಯವನು ಮಾತಾಡಲೇ ಇಲ್ಲ. ಬೆಳಗ್ಗೆ ಹುಬ್ಬಳ್ಳಿಯಲ್ಲಿ ತನ್ನ ಬಸ್ಸು ಹಿಡಿಯಲು ಇಳಿದವನು, ಸುತ್ತಿಬಂದು ನಮ್ಮ ಕಿಟಕಿ ತಟ್ಟಿದ. ಎರಡು ಬೆರಳು ಮಡಚಿ ಬಲಗೈ ಎತ್ತಿ ತೋರಿಸಿದ.