ಲಾಗ್‌ಬುಕ್ ಪ್ರಕಾರ ಹುಡುಗನಿಗೆ ಎಲ್ಲಾ ಬರುತ್ತಿತ್ತು

ನಮ್ಮ ಸೈಟಿನ ಟ್ರೈನಿ ಹುಡುಗನ ಲಾಗ್‌ಬುಕ್‌ನಲ್ಲಿ ಸ್ಲಂಪ್ ಟೆಸ್ಟ್ ಕಾಲಂ ಮುಂದೆ 'ಸ್ವತಂತ್ರವಾಗಿ ಮಾಡಬಲ್ಲ' ಎಂದಿತ್ತು. ಹಸಿ ಕಾಂಕ್ರೀಟನ್ನು ಕೋನ್ ಎಂಬ ಅಚ್ಚಿಗೆ ತುಂಬಿ, ಅಚ್ಚು ಎತ್ತಿದಾಗ ಅದು ಎಷ್ಟು ಇಳಿಯುತ್ತದೆ ಎಂದು ಅಳೆಯುವುದೇ ಸ್ಲಂಪ್ ಟೆಸ್ಟ್; ನೀರು ಹೆಚ್ಚಾದರೆ ಹೆಚ್ಚು ಇಳಿಯುತ್ತದೆ. ಸಹಿ ನನ್ನದೇ. ನಿಜಕ್ಕೂ ಅವನು ಅಲ್ಲಿವರೆಗೆ ಮಾಡಿದ್ದು ಕ್ಯೂಸಿಯವರ (ಗುಣಮಟ್ಟ ಪರೀಕ್ಷಿಸುವವರು) ಪಕ್ಕ ನಿಂತು ಸ್ಕೇಲ್ ಹಿಡಿಯುವುದು, ಕ್ಯೂಬ್ ಮೌಲ್ಡ್ ತೊಳೆಯುವುದು, ಚಲನ್ ಜೋಡಿಸುವುದು. ತಿಂಗಳ ಕೊನೆಗೆ ಹೆಡ್ ಆಫೀಸಿಗೆ ಬೇಕಾಗಿರೋದು ತುಂಬಿದ ಕಾಲಂ ತಾನೇ?

ಸ್ಲ್ಯಾಬ್ ಹಾಕುವ ದಿನ ಕ್ಯೂಸಿಯವರು ರಜೆ. "ನೀನೇ ಮಾಡು, ಬರುತ್ತಲ್ವಾ" ಎಂದೆ. ಹುಡುಗ ತಲೆಯಾಡಿಸಿದ. ನಮಗೆ ಬೇಕಿದ್ದ ಸ್ಲಂಪ್ 100ರಿಂದ 125 ಮಿ.ಮೀ. ಮಧ್ಯಾಹ್ನ ಬಂದ ಒಂದು ಕಾಂಕ್ರೀಟ್ ಗಾಡಿಗೆ ಅವನು ಓಡಿ ಬಂದು "ಸಾರ್, 170" ಎಂದ.

ದಾರಿಯಲ್ಲಿ ನೀರು ಬಿಟ್ಟಿದ್ದಾರೆ ಎಂದು ತೀರ್ಮಾನಿಸಿಬಿಟ್ಟೆ. ಡ್ರೈವರ್ ಮೇಲೆ ಕೂಗಾಡಿದೆ. ಪ್ಲಾಂಟಿನಿಂದ ಬಂದ ಹಾಗೇ ಇದೆ ಎಂದು ಅವನು ಆಣೆ ಹಾಕಿದ. ಪ್ಲಾಂಟಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಮೇಲೆ ಪಂಪ್ ಸುಮ್ನೆ ನಿಂತಿದೆ. ಪೈಪಿನೊಳಗಿನ ಮಾಲು ಬಿಗಿಯಾಗುತ್ತಿದೆ. ಹಾಕಿದ ಕಾಂಕ್ರೀಟಿನ ಅಂಚು ಸೆಟ್ ಆದರೆ ಕೋಲ್ಡ್ ಜಾಯಿಂಟ್ (ಹಳೇ ಮಾಲು, ಹೊಸ ಮಾಲು ಸರಿಯಾಗಿ ಬೆಸೆಯದ ಜಾಗ) ಗ್ಯಾರಂಟಿ. ಗಾಡಿ ವಾಪಸ್ ಎಂದು ಬರೆಯಲು ಪೆನ್ನು ತೆಗೆದೆ. ಟೆಸ್ಟ್ ಮಾಡಿದ ಟ್ರೇ ಕಡೆ ಒಮ್ಮೆ ಕಣ್ಣು ಹಾಯಿಸಲೂ ಇಲ್ಲ.

ಕಣ್ಣು ಹಾಯಿಸಿದವರು ಕಾಂಕ್ರೀಟ್ ಮೇಸ್ತ್ರಿ. "ಇದು ಇಳಿದಿಲ್ಲ ಸಾರ್, ಒಂದು ಕಡೆಗೆ ಜಾರಿದೆ. ಕೋನ್ ಸೊಟ್ಟ ಎತ್ತಿದ್ದಾನೆ." ಹೌದು, ಅರ್ಧ ಭಾಗ ಓರೆಯಾಗಿ ಕಳಚಿ ಬಿದ್ದಿತ್ತು. ಶಿಯರ್ ಸ್ಲಂಪ್. ಆ ಅಳತೆ ಲೆಕ್ಕಕ್ಕಿಲ್ಲ, ಮತ್ತೆ ಮಾಡಬೇಕು. ಮೇಸ್ತ್ರಿ ಹುಡುಗನನ್ನು ಬೈಯಲಿಲ್ಲ. ಹೊಸ ಮಾಲು ತರಿಸಿ ಪಕ್ಕದಲ್ಲಿ ನಿಂತರು. ಕೋನ್ ಒದ್ದೆ ಮಾಡಪ್ಪಾ, ಫುಟ್‌ಪೀಸ್ (ಕೋನಿನ ಬುಡದ ಕಾಲಿಡುವ ಪಟ್ಟಿ) ಮೇಲೆ ಕಾಲು ಬಲವಾಗಿಡು, ಮೂರು ಪದರ ಹಾಕು, ಪ್ರತಿ ಪದರಕ್ಕೂ 25 ಸಲ ಕುಟ್ಟು, ಆಮೇಲೆ ನೆಟ್ಟಗೆ ಮೇಲಕ್ಕೆ ಎತ್ತು. 115 ಬಂತು. ಡ್ರೈವರ್ ನನ್ನ ಮುಖ ನೋಡಿದ ನೋಟ ಇನ್ನೂ ಚುಚ್ಚುತ್ತದೆ.

ಆ ಮೇಸ್ತ್ರಿ ಬಳಿ ಒಂದು ಸರ್ಟಿಫಿಕೇಟೂ ಇಲ್ಲ. ಹಾಗಾಗಿ ಟ್ರೈನಿಗೆ ಕಲಿಸುವವರ ಪಟ್ಟಿಯಲ್ಲಿ ಅವರ ಹೆಸರು ಬರುವ ಹಾಗಿಲ್ಲ. ಫಾರಂಗೆ ಇಂಜಿನಿಯರ್ ಸಹಿಯೇ ಆಗಬೇಕಂತೆ! ಕಟ್ಟಡ ಕೆಲಸಕ್ಕೆ ಟ್ರೈನಿಯಾಗಿ ಸೇರುವವರೇ, ಬರೀ ನೋಡಿದ ಕೆಲಸಕ್ಕೆ 'ಬರುತ್ತದೆ' ಎಂದು ಯಾರಾದರೂ ಸಹಿ ಹಾಕಲು ಬಂದರೆ ಬೇಡ ಅನ್ನಿ. ಆ ಕೆಲಸ ಕೈಗೆ ಕೊಡಿ ಅಂತ ಕೇಳಿ.

ಫೂಟಿಂಗ್ (ಅಡಿಪಾಯ) ಕಾಂಕ್ರೀಟ್ ದಿನ ಗಡಿಬಿಡಿ ಕಮ್ಮಿ. ಈಗ ಅಂಥ ದಿನ ಕೋನ್ ಟ್ರೈನಿಗಳ ಕೈಗೇ, ಪಕ್ಕದಲ್ಲಿ ಮೇಸ್ತ್ರಿ. ಟೈಮ್ ಜಾಸ್ತಿ ಹೋಗುತ್ತೆ ಅಂತ ಪ್ರಾಜೆಕ್ಟ್ ಮ್ಯಾನೇಜರ್ ಗೊಣಗುತ್ತಾರೆ. ಗೊಣಗಲಿ.